ಹಳೆಯ ಗೋಡೆಗೆ ಎಂಥ ಗಾರೆ?

ಜೀರ್ಣೋದ್ಧಾರ ಎಂಬುದು ನಮ್ಮ ಭಾಷೆಯ ಪುಣ್ಯಪದಗಳಲ್ಲಿ ಒಂದು. ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಚೆನ್ನಾಗಿ ಪರಿಚಿತವಾದದ್ದು. ಒಡೆದದ್ದು ಖಂಡ; ಬಿರುಕು ಬಿಟ್ಟದ್ದು ಸ್ಫುಟಿತ. ದೇವರ ಅಂಗಭೋಗ ರಂಗಭೋಗಗಳಿಗೆ, ತಪಸ್ವಿಗಳ ಆಹಾರದಾನಕ್ಕೆ ಭೂಮಿ ಬಿಡುವಾಗ, ಒಡೆದು ಬಿರಿದದ್ದನ್ನು ಸರಿಪಡಿಸುವುದಕ್ಕೂ ಅದರಲ್ಲಿ ಒಂದು ಪಾಲನ್ನು ಹೇಳಿಡುತ್ತಿದ್ದರು. ಗುಡಿ ಕಟ್ಟಿದ ದಿನವೇ ಅದು ಮುಂದೊಂದು ದಿನ ಬಿರಿಯುತ್ತದೆಂಬ ಅರಿವು ಅವರಿಗಿತ್ತು. ಕೊಟ್ಟದ್ದು ಒಂದು ಗಂಟು ಹಣವಲ್ಲ, ಹೊಲ ಗದ್ದೆ ತೋಟ ಎಂಬುದನ್ನೂ ಗಮನಿಸಬೇಕು. ಭೂಮಿ ಬೆಳೆಯುವುದು ವರ್ಷ ವರ್ಷವೂ. ಆದ್ದರಿಂದ ಆರೈಕೆಯೂ ವರ್ಷ ವರ್ಷವೂ ನಡೆಯಬೇಕಾದ ಕೆಲಸವಾಗಿತ್ತು.

ಮಾತು ಇಂದಿಗೂ ಉಳಿದಿದೆ, ಅರ್ಥ ಮಾತ್ರ ಬದಲಾಗಿದೆ. ಊರಿನ ಹಳೆಯ ಗುಡಿಯ ಜೀರ್ಣೋದ್ಧಾರವೆಂದರೆ ಇಂದು ನಮ್ಮ ಕಣ್ಣ ಮುಂದೆ ನಿಲ್ಲುವ ಚಿತ್ರ ಬೇರೆಯೇ. ನಲವತ್ತು ಐವತ್ತು ವರ್ಷ ಯಾರೂ ಚಾವಣಿಯ ಮೇಲೆ ಹತ್ತಿ ನೋಡಿರುವುದಿಲ್ಲ. ಕಲ್ಲಿನ ಸಂದಿಯಲ್ಲಿ ಬೇರಿಳಿಸಿದ ಅರಳಿ ಗಿಡ ಮರವಾಗುವವರೆಗೆ ಎಲ್ಲರೂ ಸುಮ್ಮನಿರುತ್ತಾರೆ. ಒಂದು ದಿನ ಸಮಿತಿ ಏರ್ಪಡುತ್ತದೆ, ಚಂದಾ ಕೂಡುತ್ತದೆ, ಲಾರಿಗಳಲ್ಲಿ ಸಿಮೆಂಟು ಬಂದಿಳಿಯುತ್ತದೆ. ಕಲ್ಲಿನ ಗೋಡೆಗೆ ಸಿಮೆಂಟಿನ ಮೆತ್ತೆ, ಮೆತ್ತೆಯ ಮೇಲೆ ಥಳಥಳಿಸುವ ಬಣ್ಣ, ಸವೆದ ಕಲ್ಲುಹಾಸಿನ ಮೇಲೆ ಜಾರುವ ಟೈಲು, ಮುಂದೆ ಕಾಂಕ್ರೀಟಿನ ಮಂಟಪ. ಕೆತ್ತನೆಯ ಮೇಲಿನ ಜಿಡ್ಡು ಹೋಗಲೆಂದು ಯಂತ್ರದಿಂದ ಮರಳನ್ನು ರಭಸವಾಗಿ ಚಿಮ್ಮಿಸುವ ಕ್ರಮವೂ ಉಂಟು. ಇದರಲ್ಲಿ ಭಕ್ತಿಗೆ ಕೊರತೆಯಿಲ್ಲ, ಶ್ರಮಕ್ಕೂ ಕೊರತೆಯಿಲ್ಲ. ಕೊರತೆಯಿರುವುದು ಒಂದು ತಿಳಿವಳಿಕೆಯದು. ಹಳೆಯ ಕಟ್ಟಡಕ್ಕೆ ನಾವು ಸೇರಿಸುವ ಹೊಸ ವಸ್ತು ಹಳೆಯದಕ್ಕಿಂತ ಗಟ್ಟಿಯಾಗಿರಬಾರದು. ಪೆಟ್ಟು ಬೀಳುವುದಿದ್ದರೆ ಅದು ರಿಪೇರಿಗೆ ಬೀಳಬೇಕು, ಮೂಲಕ್ಕಲ್ಲ.

ಕೇಳುವುದಕ್ಕೆ ಇದು ತಲೆಕೆಳಗಾದ ಮಾತಿನಂತೆ ತೋರಬಹುದು. ಬಲಪಡಿಸುವುದೆಂದರೆ ದೊರೆಯುವುದರಲ್ಲೆಲ್ಲ ಗಟ್ಟಿಯಾದುದನ್ನು ತಂದು ಹಾಕುವುದಲ್ಲವೆ ಎಂದು ಯಾರಾದರೂ ಕೇಳಿಯಾರು. ಹಳೆಯ ಕಟ್ಟಡ ಯಾವ ಬಲದಿಂದ ನಿಂತಿದೆಯೆಂಬುದನ್ನು ನೋಡಿದರೆ ಈ ಸಂದೇಹ ತಾನಾಗಿಯೇ ಕರಗುತ್ತದೆ.

ಇಂದಿನ ಕಟ್ಟಡಕ್ಕೆ ಕಾಂಕ್ರೀಟು ಉಕ್ಕುಗಳ ಅಸ್ಥಿಪಂಜರವಿದೆ. ಗೋಡೆ ಅದರಲ್ಲಿ ಬರಿಯ ತೆರೆ. ಹಳೆಯ ಕಟ್ಟಡದಲ್ಲಿ ಗೋಡೆಯೇ ಮೈ, ಗೋಡೆಯೇ ಎಲುಬು. ಕಲ್ಲಾಗಲಿ ಇಟ್ಟಿಗೆಯಾಗಲಿ ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಸೆಳೆತವನ್ನು ತಾಳದು. ಆದಕಾರಣ ಹಿಂದಿನವರು ಭಾರವೆಲ್ಲ ಒಂದರ ಮೇಲೊಂದು ಒತ್ತುತ್ತ ನೆಲಕ್ಕಿಳಿಯುವಂತೆ ಗೋಡೆಯನ್ನು ದಪ್ಪವಾಗಿ ಎತ್ತಿದರು, ಕಮಾನನ್ನು ಬಾಗಿಸಿದರು, ಗುಮ್ಮಟವನ್ನು ಕೂರಿಸಿದರು. 1656ರಲ್ಲಿ ಮುಗಿದ ವಿಜಯಪುರದ ಗೋಲಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರು. ನಡುವೆ ಒಂದು ಕಂಬವೂ ಇಲ್ಲ. ಒಂದನ್ನೊಂದು ಹಾಯ್ದು ಹೋಗುವ ಕಮಾನುಗಳು ಚೌಕವಾದ ಹಜಾರವನ್ನು ಮೇಲೆ ದುಂಡಾಗಿಸಿ ಗುಮ್ಮಟದ ಭಾರವನ್ನು ಗೋಡೆಗಳಿಗೆ ಒಯ್ಯುತ್ತವೆ. ಅಲ್ಲಿ ಬಲವಿರುವುದು ಆಕಾರದಲ್ಲಿ, ತೂಕದಲ್ಲಿ, ತೂಕ ಹಂಚಿಹೋಗುವ ಹದದಲ್ಲಿ.

ಇಂಥ ಕಟ್ಟಡ ನಿಶ್ಚಲವಾಗಿ ನಿಂತಂತೆ ಕಂಡರೂ ನಿಶ್ಚಲವಲ್ಲ. ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ಮಳೆಗಾಲದಲ್ಲಿ ನೆಲ ಮೆತ್ತಗಾದರೆ ಕೂದಲೆಳೆಯಷ್ಟು ಇಳಿಯುತ್ತದೆ. ಗೋಡೆ ನೆಲದ ತೇವವನ್ನು ಹೀರುತ್ತದೆ, ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಈ ಚಲನೆಗೆಲ್ಲ ಎಡೆಮಾಡಿಕೊಡುತ್ತಿದ್ದುದು ಕಲ್ಲು ಕಲ್ಲಿನ, ಇಟ್ಟಿಗೆ ಇಟ್ಟಿಗೆಯ ನಡುವೆ ಇದ್ದ ಸುಣ್ಣದ ಗಾರೆ.

ಸುಣ್ಣದ ಕಥೆ ಸ್ವಾರಸ್ಯವಾದದ್ದು. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡು ಹೊರಟುಹೋಗುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸಿ, ಮರಳನ್ನೋ ಇಟ್ಟಿಗೆಯ ಪುಡಿಯನ್ನೋ ಸೇರಿಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆದು ಗಾರೆ ಮಾಡುತ್ತಿದ್ದರು. ಹದಕ್ಕಾಗಿ ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಹಾಕುವುದೂ ಇತ್ತು. ಗೋಡೆಗೇರಿದ ಮೇಲೆ ಆ ಗಾರೆ ಕಳೆದುಕೊಂಡ ಅನಿಲವನ್ನೇ ಗಾಳಿಯಿಂದ ಮರಳಿ ಪಡೆಯುತ್ತ, ತಿಂಗಳುಗಳ, ವರ್ಷಗಳ ಕಾಲದಲ್ಲಿ ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಆದರೂ ತಾನು ಹಿಡಿದಿರುವ ಕಲ್ಲಿಗಿಂತ, ಇಟ್ಟಿಗೆಗಿಂತ ಒಂದು ಗುಂಜಿ ಮೆತ್ತಗೆ ಉಳಿಯುತ್ತದೆ. ಗೋಡೆ ಸ್ವಲ್ಪ ಅಲುಗಿದರೆ ಬಿರಿಯುವುದು ಗಾರೆ, ಇಟ್ಟಿಗೆಯಲ್ಲ; ತೇವದೊಡನೆ ಬಂದ ಲವಣ ಹರಳುಗಟ್ಟಿದರೆ ಉದುರುವುದೂ ಗಾರೆಯೇ. ಉದುರಿದ ಗಾರೆಯನ್ನು ಕೆರೆದು ಹೊಸತನ್ನು ತುಂಬಿದರಾಯಿತು, ಗೋಡೆ ಇನ್ನೊಂದು ತಲೆಮಾರು ನಿಲ್ಲುತ್ತದೆ.

ಸಿಮೆಂಟಿನ ಗುಣ ಇದಕ್ಕೆ ವಿರುದ್ಧ. ಅದು ಬೇಗ ಗಟ್ಟಿಯಾಗುತ್ತದೆ, ಹಳೆಯ ಇಟ್ಟಿಗೆಗಿಂತ ಬಲು ಗಟ್ಟಿಯಾಗುತ್ತದೆ, ತೇವವನ್ನು ಸುಲಭವಾಗಿ ಹೊರಬಿಡುವುದಿಲ್ಲ. ಹೊಸ ಕಟ್ಟಡಕ್ಕೆ ಇದು ವರವಿರಬಹುದು. ಹಳೆಯ ಗೋಡೆಗೆ ಬಳಿದಾಗ ಒಳಗಿನ ತೇವಕ್ಕೆ ದಾರಿ ಕಟ್ಟುತ್ತದೆ. ಲವಣ ಮೆತ್ತೆಯ ಹಿಂದೆಯೇ ಹರಳುಗಟ್ಟಿ ಇಟ್ಟಿಗೆಯನ್ನೂ ಕಲ್ಲನ್ನೂ ಒಳಗಿಂದ ಪುಡಿಮಾಡುತ್ತದೆ. ಹೊರಗೆ ನುಣುಪಾದ ಮೈ, ಒಳಗೆ ಹುಡಿ. ಹತ್ತಿಪ್ಪತ್ತು ವರ್ಷಗಳ ಮೇಲೆ ಮೆತ್ತೆ ಕಳಚುವಾಗ ಗೋಡೆಯ ಮುಖವನ್ನೂ ಕಿತ್ತುಕೊಂಡು ಬೀಳುತ್ತದೆ. ಆಗ ನಾವು, ‘ಹಳೆಯ ಕಟ್ಟಡ, ಇನ್ನೆಷ್ಟು ದಿನ ನಿಂತೀತು!’ ಎನ್ನುತ್ತೇವೆ.

ಸುಣ್ಣದ ಗಾರೆ ದುರ್ಬಲವೆಂದು ತಿಳಿದವರು ಒಮ್ಮೆ ಕನ್ನಂಬಾಡಿಯನ್ನು ನೆನೆಯಬೇಕು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯನ್ನು ಕಲ್ಲು ಮತ್ತು ಸುರ್ಕಿ ಗಾರೆಯಿಂದ, ಎಂದರೆ ಸುಣ್ಣ ಹಾಗೂ ಸುಟ್ಟ ಇಟ್ಟಿಗೆಯ ಪುಡಿಯ ಮಿಶ್ರಣದಿಂದ ಕಟ್ಟಲಾಯಿತು. ಕಾವೇರಿಯ ಹೊರೆಯನ್ನು ಅದು ಇಂದಿಗೂ ಹೊತ್ತು ನಿಂತಿದೆ.

ಗಟ್ಟಿಯಾದದ್ದು ಹಳೆಯದಕ್ಕೆ ಹೇಗೆ ಮುಳುವಾಗುತ್ತದೆಂಬುದಕ್ಕೆ ಲೋಕಪ್ರಸಿದ್ಧವಾದ ನಿದರ್ಶನ ಅಥೆನ್ಸ್ ನಗರದ ಪಾರ್ಥೆನಾನ್. ಕ್ರಿಸ್ತಪೂರ್ವ 447ರಲ್ಲಿ ಆರಂಭವಾದ ಆ ಅಮೃತಶಿಲೆಯ ದೇವಾಲಯದಲ್ಲಿ ಗಾರೆಯೇ ಇಲ್ಲ. ಕಲ್ಲು ಕಲ್ಲನ್ನು ಕೂಡಿಸಲು ಗ್ರೀಕರು ಕಬ್ಬಿಣದ ಪಟ್ಟಿಗಳನ್ನು ಇಟ್ಟು, ಸುತ್ತಲೂ ಕರಗಿದ ಸೀಸವನ್ನು ಎರೆದರು. ಸೀಸ ಕಬ್ಬಿಣಕ್ಕೆ ನೀರು ತಾಗದಂತೆ ಕಾಯಿತು; ತಾನು ಮೆತ್ತಗಿದ್ದುದರಿಂದ ಅಲುಗಾಟವನ್ನೂ ನುಂಗಿಕೊಂಡಿತು. 1687ರಲ್ಲಿ ವೆನಿಸ್ಸಿನವರ ಮುತ್ತಿಗೆಯ ಕಾಲಕ್ಕೆ, ತುರ್ಕರು ಒಳಗೆ ಕೂಡಿಟ್ಟಿದ್ದ ಮದ್ದಿಗೆ ಗುಂಡು ತಗುಲಿ ದೇವಾಲಯದ ನಡುಭಾಗ ಸಿಡಿಯಿತು. 1898ರಿಂದ 1933ರವರೆಗೆ ನಿಕೊಲಾಸ್ ಬಲಾನೋಸ್ ಎಂಬ ಎಂಜಿನಿಯರು ಬಿದ್ದ ಕಂಬಗಳನ್ನು ಎತ್ತಿ ನಿಲ್ಲಿಸಿದ. ಆತನ ಶ್ರದ್ಧೆಯನ್ನು ಸಂದೇಹಿಸಬೇಕಾಗಿಲ್ಲ. ಆದರೆ ಕಲ್ಲನ್ನು ಕೂಡಿಸಲು ಆತ ಸೀಸದ ಹೊದಿಕೆಯಿಲ್ಲದ ಕಬ್ಬಿಣವನ್ನು ಬಳಸಿದ. ಕಂಬದ ತುಂಡುಗಳನ್ನು ಅವುಗಳ ಮೂಲಸ್ಥಾನ ಹುಡುಕದೆ ಹೊಂದಿದ ಕಡೆಯಲ್ಲಿ ಇಟ್ಟ.

ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಕಲ್ಲಿನ ಗರ್ಭದಲ್ಲಿ ಕುಳಿತ ಕಬ್ಬಿಣ ಊದಿಕೊಂಡು, ಎರಡು ಸಾವಿರ ವರ್ಷಕ್ಕೂ ಮೀರಿ ಬಾಳಿದ ಶಿಲೆಯನ್ನು ಕೆಲವೇ ದಶಕಗಳಲ್ಲಿ ಸೀಳಿತು. ಅದನ್ನು ಸರಿಪಡಿಸಲು 1975ರಲ್ಲಿ ಗ್ರೀಕ್ ಸರ್ಕಾರ ತಜ್ಞರ ಸಮಿತಿಯನ್ನು ನೇಮಿಸಬೇಕಾಯಿತು. ಅಂದಿನಿಂದ ನಡೆದ ಕೆಲಸದ ದೊಡ್ಡ ಪಾಲು ಹಿಂದಿನ ಜೀರ್ಣೋದ್ಧಾರವನ್ನು ಬಿಚ್ಚುವುದೇ ಆಯಿತು. ಕಬ್ಬಿಣವನ್ನು ಕಿತ್ತು ತುಕ್ಕು ಹಿಡಿಯದ ಟೈಟೇನಿಯಮ್ ಲೋಹವನ್ನು ಇಟ್ಟರು. ಒಂದೊಂದು ಕಲ್ಲನ್ನೂ ಅಳೆದು ಅದರ ಹುಟ್ಟಿದ ಸ್ಥಾನವನ್ನು ಹುಡುಕಿದರು. ಆ ಲೋಹದ ಕೊಂಡಿಗಳನ್ನು ಎಷ್ಟು ಬಲವಾಗಿಡಬೇಕೆಂದು ಲೆಕ್ಕ ಹಾಕುವಾಗ ಅವರು ಅನುಸರಿಸಿದ ಸೂತ್ರವನ್ನು ಗಮನಿಸಬೇಕು: ಭೂಕಂಪದಂಥ ಆಘಾತ ಬಂದರೆ ಮೊದಲು ಬಗ್ಗುವುದು ಕೊಂಡಿಯಾಗಲಿ, ಒಡೆಯುವುದು ಶಿಲೆಯಾಗದಿರಲಿ. ಗಾಣದ ಗಾರೆ ಕಲಸಿದ ನಮ್ಮ ಕೆಲಸಗಾರನ ವಿವೇಕವೂ ಇದೇ.

ಹೊಸ ವಸ್ತುಗಳನ್ನು ಮುಟ್ಟಲೇಬಾರದೆಂದು ನನ್ನ ವಾದವಲ್ಲ. ಟೈಟೇನಿಯಮ್ ಸುಣ್ಣದಷ್ಟು ಹಳೆಯದೇನೂ ಅಲ್ಲ. 1931ರಲ್ಲಿ ಅಥೆನ್ಸಿನಲ್ಲಿ ಸೇರಿದ ತಜ್ಞರು ಕಾಂಕ್ರೀಟಿನ ಬಳಕೆಯನ್ನು ಭರವಸೆಯಿಂದಲೇ ಒಪ್ಪಿದ್ದರು. 1964ರಲ್ಲಿ ವೆನಿಸ್ಸಿನಲ್ಲಿ ಅಂಗೀಕೃತವಾದ ಸನ್ನದಿನ ಧ್ವನಿ ಹೆಚ್ಚು ಎಚ್ಚರದ್ದು. ಹಳೆಯ ವಿಧಾನ ಸಾಲದಾದಾಗ ಮಾತ್ರ ಹೊಸದು. ಆ ಹೊಸದೂ ಪ್ರಯೋಗದಿಂದ, ಅನುಭವದಿಂದ ಸಿದ್ಧಪಟ್ಟಿರಬೇಕು. ಸೇರಿಸಿದ ಭಾಗ ಮೂಲದೊಡನೆ ಹೊಂದಿಯೂ ತಾನು ಹೊಸದೆಂಬುದನ್ನು ಮರೆಮಾಚಬಾರದು. ಊಹೆ ಆರಂಭವಾದಲ್ಲಿ ಕೈ ನಿಲ್ಲಬೇಕು. ಇದು ಅದರ ಸಾರ. ಈ ಮೂವತ್ತು ಚಿಲ್ಲರೆ ವರ್ಷಗಳ ಅಂತರದಲ್ಲಿ ಲೋಕ ಕಲಿತ ಪಾಠ ಬೆಲೆಯುಳ್ಳದ್ದು. ನಾವು ಅದನ್ನು ಮತ್ತೆ ಬೆಲೆ ತೆತ್ತು ಕಲಿಯಬೇಕಾಗಿಲ್ಲ.

ಇಲ್ಲಿ ಒಂದು ಪ್ರಬಲವಾದ ಆಕ್ಷೇಪವುಂಟು. ಕಟ್ಟಡ ಬಿದ್ದರೆ ಕೆಳಗಿರುವವರ ಗತಿಯೇನು? ಇದು ಹಗುರವಾದ ಪ್ರಶ್ನೆಯಲ್ಲ. 2012ರ ಆಗಸ್ಟಿನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರ ಬಿತ್ತು. ಕೆಡವಿ ಅದೇ ಮಾದರಿಯಲ್ಲಿ ಹೊಸದಾಗಿ ಕಟ್ಟಬೇಕೆ, ಇರುವುದನ್ನೇ ಬಲಪಡಿಸಬೇಕೆ ಎಂಬ ವಾದ ಅನಂತರ ವರ್ಷಗಟ್ಟಲೆ ಎಳೆದು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. 2024ರ ಮೇ ತಿಂಗಳ ಮಳೆಯಲ್ಲಿ ಹಂಪೆಯ ವಿರೂಪಾಕ್ಷ ದೇವಾಲಯದ ಮುಂದಿನ ಬೀದಿಯ ಸಾಲುಮಂಟಪದ ಒಂದು ಭಾಗವೂ ನೆಲಕ್ಕೆ ಬಿತ್ತು. ಮನುಷ್ಯನ ಪ್ರಾಣಕ್ಕಿಂತ ಕಲ್ಲು ದೊಡ್ಡದಲ್ಲ. ಅಪಾಯವಿರುವಲ್ಲಿ ಜನರನ್ನು ದೂರವಿಡಬೇಕು, ಆಧಾರದ ತೊಲೆಗಳನ್ನು ಕೊಡಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಹಳೆಯ ಕಟ್ಟಡ ಕೇವಲ ವಯಸ್ಸಾಯಿತೆಂದು ಬೀಳುವುದು ಅಪೂರ್ವ. ಸಾಮಾನ್ಯವಾಗಿ ಅದನ್ನು ಬೀಳಿಸುವುದು ನೀರು. ಮುಚ್ಚಿಹೋದ ದೋಣಿ, ಸೋರುವ ತಾರಸಿ, ಗೋಡೆಯಲ್ಲಿ ಹುದುಗಿ ನೆನೆದು ಕೊಳೆತ ತೊಲೆಯ ತುದಿ, ಸಂದಿಯಲ್ಲಿ ಬೆಳೆದ ಬೇರು, ಇವು ಮೊದಲು; ಕುಸಿತ ಕೊನೆಯಲ್ಲಿ. ಮಳೆ ಬಂದ ರಾತ್ರಿ ಗೋಡೆ ಬಿದ್ದಿರಬಹುದು, ಬೀಳುವ ಕೆಲಸ ಶುರುವಾದದ್ದು ಎಷ್ಟೋ ಮಳೆಗಾಲಗಳ ಹಿಂದೆ.

ಅಪಾಯವನ್ನೂ ಎಚ್ಚರವನ್ನೂ ಒಟ್ಟಿಗೆ ನಿಭಾಯಿಸಬಹುದೆಂಬುದಕ್ಕೆ ಇಟಲಿಯ ಪೀಸಾ ನಗರದ ವಾಲುಗೋಪುರ ಸಾಕ್ಷಿ. 1934ರಲ್ಲಿ ಅದನ್ನು ನೆಟ್ಟಗೆ ಮಾಡಲು ಹೊರಟು ತಳಪಾಯದಲ್ಲಿ ನೂರಾರು ರಂಧ್ರ ಕೊರೆದು ಸಿಮೆಂಟಿನ ರಸ ತುಂಬಿದರು. ಗೋಪುರ ಇನ್ನಷ್ಟು ವಾಲಿತು. 1989ರಲ್ಲಿ ಪಾವಿಯ ನಗರದ ಹಳೆಯ ಗೋಪುರ ಇದ್ದಕ್ಕಿದ್ದಂತೆ ಕುಸಿದು ನಾಲ್ವರು ಸತ್ತಾಗ, ಮರುವರ್ಷ ಪೀಸಾದ ಗೋಪುರಕ್ಕೆ ಪ್ರವೇಶ ನಿಲ್ಲಿಸಿದರು. ಎಂಜಿನಿಯರುಗಳೂ ಕಲೆಯ ಇತಿಹಾಸ ಬಲ್ಲವರೂ ಒಂದೇ ಸಮಿತಿಯಲ್ಲಿ ಕುಳಿತರು. ಮೊದಲು ಉತ್ತರದ ಕಡೆ ಸೀಸದ ತೂಕಗಳನ್ನು ಹೇರಿದರು; ಅವು ಬೇಡವೆಂದಾಗ ತೆಗೆಯಬಹುದಾದಂಥವು. 1995ರಲ್ಲಿ ಅವಸರದ ಒಂದು ಪ್ರಯೋಗದಿಂದ ಗೋಪುರ ಒಂದು ವರ್ಷದಲ್ಲಿ ವಾಲುವಷ್ಟನ್ನು ಹೆಚ್ಚುಕಡಿಮೆ ಒಂದೇ ರಾತ್ರಿಯಲ್ಲಿ ವಾಲಿದಾಗ, ಕೂಡಲೇ ಕೈಬಿಟ್ಟರು. ಕೊನೆಗೆ ಉತ್ತರದ ತಳದಿಂದ ಸ್ವಲ್ಪ ಸ್ವಲ್ಪವೇ ಮಣ್ಣು ತೆಗೆದರು. ಒಟ್ಟು ತೆಗೆದದ್ದು ಸುಮಾರು 38 ಘನ ಮೀಟರು ಮಣ್ಣು. ಗೋಪುರದ ತುದಿ ಹಿಂದಕ್ಕೆ ಬಂದದ್ದು ಸುಮಾರು 44 ಸೆಂಟಿಮೀಟರು. 2001ರ ಡಿಸೆಂಬರಿನಲ್ಲಿ ಮತ್ತೆ ಬಾಗಿಲು ತೆರೆಯಿತು. ಗೋಪುರದ ಮೈಗೆ ಅವರು ಏನನ್ನೂ ಮೆತ್ತಲಿಲ್ಲ. ಅದರ ವಾಲುವಿಕೆಯನ್ನು ಪೂರ್ತಿಯಾಗಿ ಅಳಿಸಲೂ ಇಲ್ಲ.

ಬಲಪಡಿಸುವುದೆಂದರೆ ಯಾವಾಗಲೂ ಸೇರಿಸುವುದೇ ಎಂದೇನಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಗರ್ಭಗೃಹದ ಮೇಲೆ ಇದ್ದ ಇಟ್ಟಿಗೆ ಗಾರೆ ಮರಗಳ ಶಿಖರವನ್ನು, ಕೆಳಗಿನ ಭಾಗ ಉಳಿಯಲೆಂದು 1879ರಲ್ಲಿ ಇಳಿಸಲಾಯಿತು. ಶಿಖರವಿಲ್ಲದ ಬೇಲೂರು ನಮಗೆ ಬೇಲೂರಾಗಿಯೇ ಉಳಿದಿದೆ. 2023ರಲ್ಲಿ ಹಳೇಬೀಡು, ಸೋಮನಾಥಪುರಗಳೊಡನೆ ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ನಮ್ಮ ಹಳೆಯ ಶಾಲೆಗಳ ಮದ್ರಾಸ್ ತಾರಸಿಯ ಸ್ಥಿತಿಯನ್ನು ಇದಕ್ಕೆ ಹೋಲಿಸಿ ನೋಡಿ. ಸೋರಿದಾಗಲೆಲ್ಲ ಹಳೆಯ ಪದರದ ಮೇಲೆ ಹೊಸ ಪದರ. ಮರದ ತೊಲೆ ಹೊರಬೇಕಾದ ಭಾರ ರಿಪೇರಿಯಿಂದ ರಿಪೇರಿಗೆ ಏರುತ್ತ ಹೋಗುತ್ತದೆ. ಕೊನೆಗೆ ತೊಲೆ ಬಗ್ಗಿದಾಗ, ಹಳೆಯ ತಾರಸಿಗಳೆಲ್ಲ ಅಪಾಯವೆಂದು ತೀರ್ಮಾನವಾಗುತ್ತದೆ.

ಮತ್ತೊಂದು ಆಕ್ಷೇಪ ಆಸ್ತಿಕರದು. ಗುಡಿ ವಸ್ತುಸಂಗ್ರಹಾಲಯವಲ್ಲ, ದಿನವೂ ಪೂಜೆ ನಡೆಯುವ ಜಾಗ, ಅದು ಹೊಸದಾಗುತ್ತಲೇ ಇರಬೇಕು ಎನ್ನುತ್ತಾರೆ. ಮಾತು ಸರಿ. ಜಪಾನಿನ ಇಸೆ ಎಂಬಲ್ಲಿಯ ದೇವಾಲಯವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಪೂರ್ತಿ ಹೊಸದಾಗಿ ಕಟ್ಟುತ್ತಾರೆ. 2013ರಲ್ಲಿ ಕಟ್ಟಿದ್ದು ಅರವತ್ತೆರಡನೆಯ ಸಲ. ಅಲ್ಲಿ ಮರ ಹೊಸದು, ವಿದ್ಯೆ ಹಳೆಯದು. ಬಡಗಿಯಿಂದ ಬಡಗಿಗೆ, ಗುರುವಿನಿಂದ ಶಿಷ್ಯನಿಗೆ ಒಂದೊಂದು ಸಂದುಕಟ್ಟಿನ ಮರ್ಮವೂ ಇಳಿದುಬರುತ್ತದೆ. ನಾವು ಹೊಸದು ಮಾಡುವಾಗ ಕಲ್ಲನ್ನೂ ಕಳೆಯುತ್ತೇವೆ, ವಿದ್ಯೆಯನ್ನೂ ಕಳೆಯುತ್ತೇವೆ. ಹೊಯ್ಸಳರ ಬಳಪದ ಕಲ್ಲು ಗಣಿಯಿಂದ ಬಂದಾಗ ಮೃದುವಾಗಿದ್ದು ಗಾಳಿ ಬಿಸಿಲು ಕುಡಿದು ಗಟ್ಟಿಯಾಗುವಂಥದು. ಅದರ ಮೇಲೆ ಮರಳು ಚಿಮ್ಮಿಸಿದರೆ ಶತಮಾನಗಳಲ್ಲಿ ಗಟ್ಟಿಯಾದ ಚರ್ಮವೇ ಸುಲಿದುಹೋಗುತ್ತದೆ. ಜಿಡ್ಡಿನೊಡನೆ ಶಿಲ್ಪಿಯ ಉಳಿಯ ಗುರುತೂ ಹೋಗುತ್ತದೆ. ಯಾವ ಆಗಮವೂ ಇದನ್ನು ಪೂಜೆ ಎಂದೀತೆಂದು ನನಗೆ ತೋರದು.

ದೊಡ್ಡ ಸ್ಮಾರಕಗಳಿಗೆ ಕಾನೂನಿನ ಕಾವಲಿದೆ; ಕೇಂದ್ರದ 1958ರ ಶಾಸನವೂ ನಮ್ಮ ರಾಜ್ಯದ 1961ರ ಶಾಸನವೂ ಇವೆ. ನನ್ನ ಚಿಂತೆ ಯಾವ ಪಟ್ಟಿಯಲ್ಲೂ ಇಲ್ಲದ ಸಾವಿರಾರು ಕಟ್ಟಡಗಳದು. ಊರ ಗುಡಿ, ಬಸದಿ, ದರ್ಗಾ, ಇಗರ್ಜಿ, ಛತ್ರ, ಕಲ್ಯಾಣಿ, ನೂರು ವರ್ಷ ದಾಟಿದ ಶಾಲೆ, ಇವುಗಳ ಭವಿಷ್ಯ ಊರಿನವರ ಕೈಯಲ್ಲಿದೆ. ಆ ಕೈಗಳಿಗೆ ಬೇಕಾದುದು ಬಹಳ ಹಣವಲ್ಲ. ಮಳೆಗಾಲಕ್ಕೆ ಮುಂಚೆ ಚಾವಣಿ ಹತ್ತಿ ನೀರಿನ ದಾರಿ ಬಿಡಿಸುವುದು. ಗಿಡ ಚಿಗುರಾಗಿರುವಾಗಲೇ ಬೇರು ಸಹಿತ ತೆಗೆಯುವುದು. ಕೈ ಹಾಕುವ ಮೊದಲು ಅಳೆದು, ಚಿತ್ರ ತೆಗೆದು ಇಡುವುದು. ಬಿರುಕು ಕಂಡರೆ ಗಾಬರಿಯಾಗಿ ಮುಚ್ಚದೆ ಅದರ ಮೇಲೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿಯೊಂದನ್ನು ಅಂಟಿಸಿ ದಿನಾಂಕ ಬರೆಯುವುದು. ಗಾಜು ಒಡೆಯದಿದ್ದರೆ ಬಿರುಕು ಹಳೆಯದು, ನಿಂತುಹೋದದ್ದು. ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ, ತಿಳಿದವರನ್ನು ಕರೆಯಬೇಕು. ಇದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೂ ಮಾಡಬಲ್ಲರು. ತಮ್ಮ ಶಾಲೆಯ ಗೋಡೆಯನ್ನೇ ಹೀಗೆ ಒಂದು ವರ್ಷ ನೋಡಿದ ಹುಡುಗನಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಚರಿತ್ರೆ ಮೂರೂ ಒಂದೇ ಗೋಡೆಯಲ್ಲಿ ದೊರೆಯುತ್ತವೆ.

ಇನ್ನೊಂದು ಕೆಲಸ ಸರ್ಕಾರದ್ದು, ಎಂಜಿನಿಯರಿಂಗ್ ಕಾಲೇಜುಗಳದು. ಮನೆ ಕಟ್ಟುವವರನ್ನು ನಾವು ಇಂದಿಗೂ ಗಾರೆ ಕೆಲಸದವರೆಂದೇ ಕರೆಯುತ್ತೇವೆ. ಹೆಸರಿನಲ್ಲಿ ಗಾರೆ ಉಳಿದಿದೆ, ಕೈಯಲ್ಲಿ ಉಳಿದಿಲ್ಲ. ಸುಣ್ಣ ಅರಳಿಸುವ ಹದ, ಅರೆಯುವ ಹದ ಬಲ್ಲವರು ಬೆರಳೆಣಿಕೆಯಷ್ಟಾಗುವ ಮುನ್ನ ಅವರಿಂದ ಹತ್ತು ಮಂದಿ ಹುಡುಗರಿಗೆ ಅದನ್ನು ಕಲಿಸಬೇಕು. ಕಲಿತವನಿಗೆ ಹೆಚ್ಚಿನ ಕೂಲಿ ಸಿಗಬೇಕು. ಕಾಂಕ್ರೀಟಿನ ಲೆಕ್ಕವನ್ನಷ್ಟೇ ಕಲಿತು ಹೊರಬಂದ ತರುಣನನ್ನು ಮುನ್ನೂರು ವರ್ಷದ ಗೋಡೆಯ ಮುಂದೆ ನಿಲ್ಲಿಸಿ ಅಭಿಪ್ರಾಯ ಕೇಳಿದರೆ, ಆತ ಕೆಡವಿ ಎನ್ನದೆ ಇನ್ನೇನು ಹೇಳಿಯಾನು?

ಕಟ್ಟುವವನಿಗೆ ಹೆಸರುಂಟು, ಉದ್ಘಾಟನೆಯ ಕಲ್ಲುಂಟು. ವರ್ಷಕ್ಕೊಮ್ಮೆ ದೋಣಿಯ ಕಸ ತೆಗೆದವನಿಗೆ, ಉದುರಿದ ಸಂದಿಗೆ ಹಿಡಿ ಗಾರೆ ತುಂಬಿದವನಿಗೆ ಯಾವ ಕಲ್ಲೂ ಇಲ್ಲ. ಆದರೆ ನಮ್ಮ ನಾಡಿನ ಹಳೆಯ ಕಟ್ಟಡಗಳು ಉಳಿದುಬಂದದ್ದು ಬಹುಪಾಲು ಇಂಥವರಿಂದ. ಖಂಡಸ್ಫುಟಿತಕ್ಕೆಂದು ಗದ್ದೆ ಬಿಟ್ಟ ಹಿರಿಯರು ಮನಸ್ಸಿನಲ್ಲಿಟ್ಟುಕೊಂಡದ್ದು ಇವರನ್ನೇ. ಆ ಗದ್ದೆಗಳು ಈಗ ಇಲ್ಲದಿರಬಹುದು; ಆ ವರ್ಷದ ಪಾಲನ್ನು ನಮ್ಮ ಶಾಲೆಗಳ, ಪಂಚಾಯತಿಗಳ, ದೇವಾಲಯಗಳ ಲೆಕ್ಕದ ಪುಸ್ತಕದಲ್ಲಿ ಮತ್ತೆ ಬರೆಯುವುದಕ್ಕೆ ಅಡ್ಡಿಯೇನೂ ಇಲ್ಲ.